ಸೋಮವಾರದ ಹೊಟ್ಟೆನೋವಿಗೆ ಯಾವ ಸಿರಪ್ಪು?

ಮಗುವಿನ ಮನಸ್ಸಿಗೆ ಕಷ್ಟ ಬಂದರೆ ಅಪ್ಪ–ಅಮ್ಮ ಮೊದಲು ಓಡುವುದು ಮಕ್ಕಳ ಡಾಕ್ಟರ ಹತ್ತಿರ. ಮನೋವೈದ್ಯರ ಬಾಗಿಲು ಆಮೇಲಿನದು. ಎಷ್ಟೋ ಮಕ್ಕಳಿಗೆ ಅದು ಎಂದೂ ಇಲ್ಲ. ಆ ಮಕ್ಕಳ ಡಾಕ್ಟರು ಕಲಿತು ಬಂದದ್ದೋ ಜ್ವರ, ಕೆಮ್ಮು, ಭೇದಿ, ಡೆಂಗಿ. ಮಕ್ಕಳ ಮನಸ್ಸಿನ ತರಬೇತಿ ಅವರಿಗೆ ಕಡ್ಡಾಯವಾಗಬೇಕು. ಅದೂ ಬರೀ ಸರ್ಟಿಫಿಕೇಟಿನ ತರಬೇತಿಯಲ್ಲ, ಪರೀಕ್ಷೆಯಲ್ಲಿ ಅಂಕ ಕೇಳುವ ತರಬೇತಿ!

ಜೂನ್ ತಿಂಗಳ ಎರಡನೇ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ತಾಲ್ಲೂಕು ಕೇಂದ್ರದ ಮಕ್ಕಳ ಕ್ಲಿನಿಕ್ಕು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಬೆಂಚಿನ ಮೇಲೆ ಕೂರಲೂ ಜಾಗವಿಲ್ಲ. ಮೂಲೆಯಲ್ಲಿ ನೆಬುಲೈಸರ್ ಗುಂಯ್‌ಗುಡುತ್ತಿದೆ. ಚುಚ್ಚುಮದ್ದಿನ ಕೋಣೆಯಿಂದ ಒಂದು ಅಳು ನಿಲ್ಲುವಷ್ಟರಲ್ಲಿ ಇನ್ನೊಂದು ಶುರು.

ಒಂಬತ್ತು ವರ್ಷದ ಹುಡುಗನೊಬ್ಬ ಅಮ್ಮನ ಸೆರಗು ಹಿಡಿದು ನಿಂತಿದ್ದಾನೆ. ಮೈಮೇಲೆ ಯೂನಿಫಾರ್ಮ್ ಇದೆ, ಕಾಲಲ್ಲಿ ಶೂ ಇಲ್ಲ, ಹವಾಯಿ ಚಪ್ಪಲಿ. ಶಾಲೆಗೆಂದು ಹೊರಟ ಸವಾರಿ ಅರ್ಧ ದಾರಿಯಲ್ಲಿ ಇತ್ತ ತಿರುಗಿದೆ.

“ಮತ್ತೆ ಹೊಟ್ಟೆನೋವು ಸರ್. ಬೆಳಿಗ್ಗೆ ಎದ್ದ ಕೂಡ್ಲೇ ಶುರು ಮಾಡ್ತಾನೆ. ತಿಂಡಿ ಮುಟ್ಟೋದೇ ಇಲ್ಲ.”

ಡಾಕ್ಟರು ಮಂಚದ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡುತ್ತಾರೆ. “ಎಲ್ಲಿ ನೋವು ಪುಟ್ಟಾ? ಒಂದೇ ಬೆರಳಲ್ಲಿ ತೋರ್ಸು ನೋಡೋಣ.” ಹುಡುಗ ಬೆರಳಲ್ಲಿ ತೋರಿಸುವುದಿಲ್ಲ, ಹೊಕ್ಕುಳಿನ ಮೇಲೆ ಇಡೀ ಅಂಗೈ ಊರುತ್ತಾನೆ.

ಅಮ್ಮನ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಚೀಟಿಗಳ ಕಟ್ಟೇ ಇದೆ. ಜಂತುಹುಳದ ಮಾತ್ರೆ ಎರಡು ಸಲ, ಆ್ಯಸಿಡಿಟಿ ಸಿರಪ್ಪು ಒಂದು ತಿಂಗಳು, ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ, ಕೊನೆಗೆ ಸ್ಕ್ಯಾನಿಂಗ್. ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯೊಳಗೆ ಪುಟ್ಟ ಪುಟ್ಟ ಲಿಂಫ್ ಗ್ರಂಥಿಗಳು ಕಂಡಿವೆ. ಆರೋಗ್ಯವಾಗಿರುವ ಮಕ್ಕಳಲ್ಲೂ ಕಾಣುವಂಥವೇ. ಆದರೆ ರಿಪೋರ್ಟಿನಲ್ಲಿ ಅಚ್ಚಾದ ಮೇಲೆ ಮನೆಯವರ ಬಾಯಲ್ಲಿ ಅದು ‘ಹೊಟ್ಟೇಲಿ ಗಂಟಂತೆ’. ಅಜ್ಜಿಯ ಪ್ರಕಾರ ಮಾತ್ರ ಬಟ್ಟಿ ಜಾರಿದೆ. ಅದನ್ನು ತಿಕ್ಕಿಸಿಯೂ ಆಗಿದೆ.

ಒಂದು ಪ್ರಶ್ನೆ ಈ ಚೀಟಿಗಳಲ್ಲಿ ಎಲ್ಲೂ ಇಲ್ಲ: “ಭಾನುವಾರ ನೋವು ಇರುತ್ತಾ?”

ಕೇಳುವುದಕ್ಕೆ ಎರಡು ಸೆಕೆಂಡು ಸಾಕು. ಉತ್ತರಕ್ಕೆ ಅರ್ಧ ಗಂಟೆ ಬೇಕಾದೀತು. ಹೊಸ ಸೆಕ್ಷನ್, ಹೊಸ ಮೇಷ್ಟ್ರು, ವ್ಯಾನಿನಲ್ಲಿ ಹಿಂದಿನ ಸೀಟಿನಲ್ಲಿ ಕೂರುವ ಆರನೇ ಕ್ಲಾಸಿನ ಹುಡುಗ, ರಾತ್ರಿ ಮನೆಯಲ್ಲಿ ಕೇಳುವ ಜಗಳ... ಏನು ಹೊರಬರುತ್ತದೋ ಯಾರಿಗೆ ಗೊತ್ತು! ಬಂದದ್ದನ್ನು ಏನು ಮಾಡಬೇಕೆಂದು ಡಾಕ್ಟರಿಗೆ ಯಾರೂ ಹೇಳಿಕೊಟ್ಟಿಲ್ಲ. ಹೊರಗೆ ಇನ್ನೂ ನಲವತ್ತು ಮಕ್ಕಳು ಕಾಯುತ್ತಿದ್ದಾರೆ. ಹೊಸದೊಂದು ಸಿರಪ್ಪಿನ ಹೆಸರು ಚೀಟಿಗೆ ಬೀಳುತ್ತದೆ.

ಹೆಸರು, ಊರು ಬದಲಿಸಿಕೊಂಡು ಈ ದೃಶ್ಯ ಶಾಲೆ ತೆರೆಯುವ ಪ್ರತಿ ಜೂನ್‌ನಲ್ಲೂ ನಡೆಯುತ್ತದೆ. ಡಾಕ್ಟರು ಸೋಮಾರಿಯಲ್ಲ, ಹಣದಾಸೆಯವರೂ ಅಲ್ಲ. ಉಸಿರಾಡದೆ ಹುಟ್ಟಿದ ಕೂಸನ್ನು ಉಳಿಸಲು ಅವರಿಗೆ ಬರುತ್ತದೆ, ಡೆಂಗಿಯ ಮಗುವಿಗೆ ಗಂಟೆಗೆಷ್ಟು ಸಲೈನ್ ಎಂಬ ಲೆಕ್ಕ ಬಾಯಿಪಾಠ. ಶಾಲೆಗೆ ಹೆದರಿದ ಮಗುವಿನ ಎದುರು ಕುಳಿತು ಏನು ಮಾತಾಡಬೇಕೆಂಬುದು ಮಾತ್ರ ಅವರ ಪಾಠದ ಪಟ್ಟಿಯಲ್ಲಿ ಇರಲಿಲ್ಲ, ಇದ್ದರೂ ಪರೀಕ್ಷೆಗೆ ಬರಲಿಲ್ಲ.

ಹೊಕ್ಕುಳಿನಿಂದ ಎಷ್ಟು ದೂರ?

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ಆ್ಯಪ್ಲಿ ಎಂಬ ಮಕ್ಕಳ ವೈದ್ಯರಿದ್ದರು. ನೋರಾ ನೈಶ್ ಎಂಬ ವೈದ್ಯೆಯ ಜತೆ ಸೇರಿ 1,000 ಶಾಲಾ ಮಕ್ಕಳನ್ನು ಪರೀಕ್ಷಿಸಿ 1958ರಲ್ಲಿ ಫಲಿತಾಂಶ ಪ್ರಕಟಿಸಿದರು. ಕನಿಷ್ಠ ಮೂರು ತಿಂಗಳ ಅವಧಿಯಲ್ಲಿ ಮೂರು ಸಲವಾದರೂ, ಆಟ–ಪಾಠ ಬಿಟ್ಟು ಕೂರುವಷ್ಟು ಹೊಟ್ಟೆನೋವು ಬಂದಿದ್ದ ಮಕ್ಕಳು ಶೇಕಡಾ 10.8. ಹತ್ತರಲ್ಲಿ ಒಬ್ಬರಿಗಿಂತ ತುಸು ಹೆಚ್ಚೇ. ಅವರಲ್ಲಿ ಕರುಳು, ಮೂತ್ರಪಿಂಡದಂಥ ಅಂಗಗಳ ಕಾಯಿಲೆ ಸಿಕ್ಕಿದ್ದು ತೀರಾ ಕಡಿಮೆ ಮಂದಿಯಲ್ಲಿ.

ನೋವು ಹೊಕ್ಕುಳಿನಿಂದ ದೂರ ಹೋದಷ್ಟೂ ಅಂಗದ ಕಾಯಿಲೆ ಇರುವ ಸಾಧ್ಯತೆ ಹೆಚ್ಚು ಎನ್ನುವ ಸೂತ್ರ ಆ್ಯಪ್ಲಿ ಅವರ ಹೆಸರಿನಲ್ಲೇ ಇದೆ. ಮಕ್ಕಳ ವೈದ್ಯಕೀಯ ಓದಿದವರೆಲ್ಲ ಅದನ್ನು ಒಂದಲ್ಲ ಒಂದು ಸಲ ಬರೆದು ಅಂಕ ತೆಗೆದವರೇ. ಹೊಕ್ಕುಳಿನ ಹತ್ತಿರದ ನೋವಿನ ಮುಂದಿನ ಅಧ್ಯಾಯ, ಅಂದರೆ ಮಗುವಿನ ಜತೆಗಿನ ಮಾತುಕತೆ, ಓದಿಗೆ ಸಿಗದೆ ಉಳಿಯಿತು.

ಇಲ್ಲೊಂದು ಎಚ್ಚರಿಕೆ. ‘ಮನಸ್ಸಿನಿಂದ ಬಂದ ನೋವು’ ಎಂದರೆ ‘ಸುಳ್ಳು ನೋವು’ ಎಂದು ಅರ್ಥ ಮಾಡಿಕೊಳ್ಳುವವರೇ ಜಾಸ್ತಿ. “ನಾಟಕ ಆಡ್ತಾನೆ, ಎರಡು ಬಿಗಿದ್ರೆ ಸರಿಹೋಗುತ್ತೆ” ಎಂದು ಅಪ್ಪ ಗುಡುಗುವುದು ಇಲ್ಲೇ. ಕರುಳಿಗೂ ಮಿದುಳಿಗೂ ನರಗಳ ದಟ್ಟ ಸಂಪರ್ಕವಿದೆ. ಹೆದರಿದ ಮಗುವಿನ ಕರುಳು ನಿಜಕ್ಕೂ ಹಿಂಡಿಕೊಳ್ಳುತ್ತದೆ, ನೋವು ನಿಜಕ್ಕೂ ಆಗುತ್ತದೆ. ಪರೀಕ್ಷೆಯ ದಿನ ನಾಲ್ಕು ಸಲ ಬಚ್ಚಲಿಗೆ ಓಡಿದ ದೊಡ್ಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

---

ಬಾಕ್ಸ್: ಇದು ‘ಶಾಲೆಯ ನೋವು’ ಎಂದು ಕೂರಬೇಡಿ

ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು ಅಥವಾ ಎತ್ತರ ನಿಂತುಹೋಗುವುದು, ಮಲದಲ್ಲಿ ರಕ್ತ, ಹಸಿರು ಬಣ್ಣದ ವಾಂತಿ, ಬಿಡದ ಜ್ವರ, ಹೊಟ್ಟೆಯ ಬಲಭಾಗದಲ್ಲಿ ಒಂದೇ ಕಡೆ ನೋವು, ಮೂತ್ರ ಮಾಡುವಾಗ ಉರಿ – ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮನಸ್ಸಿನ ಕಡೆ ನೋಡುವುದೆಂದರೆ ದೇಹವನ್ನು ಮರೆಯುವುದಲ್ಲ.

---

ನಮ್ಮೂರಿನದೇ ಲೆಕ್ಕ

ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ನಗರದ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಮತ್ತು ಹಳ್ಳಿ – ಈ ಮೂರೂ ಕಡೆಯ 16 ವರ್ಷದವರೆಗಿನ 2,064 ಮಕ್ಕಳ ಸಮೀಕ್ಷೆ ನಡೆಸಿ 2005ರಲ್ಲಿ ಪ್ರಕಟಿಸಿದರು. ಒಂದಲ್ಲ ಒಂದು ಮಾನಸಿಕ ತೊಂದರೆ ಇದ್ದವರು ಶೇಕಡಾ 12.5. ಹಳ್ಳಿಗೂ ಪಟ್ಟಣಕ್ಕೂ, ಬಡವರಿಗೂ ಮಧ್ಯಮ ವರ್ಗಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ‘ಇದೆಲ್ಲ ಪೇಟೆ ಮಕ್ಕಳ ಖಾಯಿಲೆ’ ಎನ್ನುವವರಿಗೆ ಅಂದೇ ಉತ್ತರ ಸಿಕ್ಕಿತ್ತು.

ಆ ಪಟ್ಟಿಯಲ್ಲಿ ಮೇಲೆ ಇದ್ದದ್ದು ಏನು? ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಯಾವುದೋ ಒಂದಕ್ಕೆ ವಿಪರೀತ ಹೆದರುವುದು, ಕೂತಲ್ಲಿ ಕೂರದ ಅತಿ ಚಟುವಟಿಕೆ, ಉಗ್ಗು, ಎದುರು ನಿಲ್ಲುವ ಹಠಮಾರಿತನ. ಇವುಗಳಲ್ಲಿ ಯಾವುದಕ್ಕೆ ನಮ್ಮ ಜನ ಸೀದಾ ಮನೋವೈದ್ಯರ ಹತ್ತಿರ ಹೋಗುತ್ತಾರೆ ಹೇಳಿ? ಹೋದರೆ ಮಕ್ಕಳ ಡಾಕ್ಟರ ಹತ್ತಿರ, ಇಲ್ಲವೆ ತಾಯತ ಕಟ್ಟುವವರ ಹತ್ತಿರ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ತೊಂದರೆ ಇದೆ ಎಂದಿತು. ಮಹಾನಗರಗಳಲ್ಲಿ ಇದು ಶೇಕಡಾ 13.5. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಜೀವ ಕಳೆದುಕೊಂಡರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆ ಘಟಕ.

ಇನ್ನು ವೈದ್ಯರ ಲೆಕ್ಕ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 18ರೊಳಗಿನವರು ಸುಮಾರು 44 ಕೋಟಿ. ಮನೋವೈದ್ಯರು ಲಕ್ಷ ಜನಕ್ಕೆ ಒಬ್ಬರೂ ಇಲ್ಲ, 0.75 ಎನ್ನುತ್ತದೆ ಸಂಸತ್ತಿನ ಸ್ಥಾಯಿ ಸಮಿತಿಯ 2023ರ ವರದಿ. ಅವರಲ್ಲಿ ಮಕ್ಕಳ ಮನೋವೈದ್ಯಕೀಯದಲ್ಲೇ ವಿಶೇಷ ಪರಿಣತಿ ಪಡೆದವರು ಬೆರಳೆಣಿಕೆ. ಹೊಸ ಸೀಟು ತೆರೆದು, ತಜ್ಞರನ್ನು ತಯಾರು ಮಾಡಿ, ಅವರು ಸಿರುಗುಪ್ಪಕ್ಕೋ ಸೋಮವಾರಪೇಟೆಗೋ ಬಂದು ಕೂರುವ ಹೊತ್ತಿಗೆ ಇವತ್ತಿನ ಒಂಬತ್ತರ ಹುಡುಗನಿಗೆ ಮದುವೆಯಾಗಿರುತ್ತದೆ. ಈಗಾಗಲೇ ತಾಲ್ಲೂಕಿನಲ್ಲಿ ಕೂತಿರುವವರು ಮಕ್ಕಳ ಡಾಕ್ಟರು. ಕಲಿಸುವುದಾದರೆ ಅವರಿಗೆ ಕಲಿಸಬೇಕು.

ಪರೀಕ್ಷೆಗೆ ಬಾರದ್ದು ಓದಿಗೂ ಬಾರದು

ಎಂಬಿಬಿಎಸ್‌ನಲ್ಲಿ ಮನೋವೈದ್ಯಕೀಯ ಇವತ್ತಿಗೂ ಪ್ರತ್ಯೇಕ ಪರೀಕ್ಷೆಯ ವಿಷಯವಲ್ಲ. ಜನರಲ್ ಮೆಡಿಸಿನ್ ಪತ್ರಿಕೆಯೊಳಗೆ ಬರುವ ಒಂದೆರಡು ಪ್ರಶ್ನೆಯಷ್ಟೆ. ಅದರಲ್ಲಿ ಮಕ್ಕಳ ಭಾಗ ಎಷ್ಟಿರಬಹುದೆಂದು ಊಹಿಸಿಕೊಳ್ಳಿ. 2019ರ ಹೊಸ ಪಠ್ಯಕ್ರಮ ಕ್ಲಿನಿಕಲ್ ಪೋಸ್ಟಿಂಗ್‌ನ ವಾರಗಳನ್ನು ಹೆಚ್ಚಿಸಿತು ನಿಜ. ಆದರೆ ಮೆಡಿಕಲ್ ಹಾಸ್ಟೆಲಿನ ಗಣಿತ ಬೇರೆಯೇ. ರಾತ್ರಿ ಎರಡು ಗಂಟೆಗೆ ಯಾವ ಪುಸ್ತಕ ತೆರೆದಿರುತ್ತದೆ ಎಂಬುದನ್ನು ನಿರ್ಧರಿಸುವುದು ಪ್ರಶ್ನೆಪತ್ರಿಕೆ.

ವಿಚಿತ್ರವೆಂದರೆ ಮಕ್ಕಳ ವೈದ್ಯಕೀಯ ಕೂಡ ಇದೇ ಅವಮಾನ ಉಂಡು ಬಂದ ವಿಷಯ. ‘ಮಗು ಎಂದರೆ ಚಿಕ್ಕ ಗಾತ್ರದ ದೊಡ್ಡವರು’ ಎಂಬ ಧೋರಣೆಯಲ್ಲಿ ಅದನ್ನೂ ದಶಕಗಳ ಕಾಲ ಮೆಡಿಸಿನ್ ಬಾಲಕ್ಕೆ ಕಟ್ಟಲಾಗಿತ್ತು. 1963ರಲ್ಲಿ ಹುಟ್ಟಿದ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಬಹುಕಾಲ ಹಟ ಹಿಡಿದ ಮೇಲೆ ತೊಂಬತ್ತರ ದಶಕದಲ್ಲಷ್ಟೇ ಎಂಬಿಬಿಎಸ್‌ನಲ್ಲಿ ಅದು ಪ್ರತ್ಯೇಕ ಪರೀಕ್ಷೆಯಾಯಿತು. ಪ್ರತ್ಯೇಕ ಪರೀಕ್ಷೆಯ ಬೆಲೆ ಏನೆಂದು ಮಕ್ಕಳ ವೈದ್ಯರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಅದೇ ಹಟವನ್ನು ಈಗ ಅವರು ಮಗುವಿನ ಮನಸ್ಸಿನ ಪರವಾಗಿ ಹಿಡಿಯಬೇಕಿದೆ.

ಮಕ್ಕಳ ವೈದ್ಯಕೀಯದ ಎಂಡಿ ಓದಿನ ಮೂರು ವರ್ಷವನ್ನು ವಾರ್ಡು, ನವಜಾತ ಶಿಶುಗಳ ಐಸಿಯು ಮತ್ತು ರಾತ್ರಿ ಡ್ಯೂಟಿಗಳು ನುಂಗಿ ಹಾಕುತ್ತವೆ. ಅಲ್ಲಿ ಸಿಗುವುದು ಜೀವ ಹೋಗುವಷ್ಟು ಕಾಯಿಲೆಯ ಮಕ್ಕಳು. ಓದು ಮುಗಿಸಿ ಊರಿನಲ್ಲಿ ಬೋರ್ಡು ಹಾಕಿಕೊಂಡ ಮೇಲೆ ಬರುವವರು ಬೇರೆಯೇ ಮಕ್ಕಳು: ಊಟ ಮಾಡದ, ಮಾತಾಡದ, ಮೊಬೈಲ್ ಬಿಡದ, ಶಾಲೆಗೆ ಹೋಗದ ಮಕ್ಕಳು.

ನಾಲಿಗೆ ಒತ್ತುವ ಪಟ್ಟಿಯ ಡಾಕ್ಟರು

ಹಾಗೆಂದು ಇದು ಯಾರೋ ಮೊನ್ನೆ ಮೊನ್ನೆ ಎಬ್ಬಿಸಿದ ಗಲಾಟೆಯಲ್ಲ. ಮನೋವೈದ್ಯ ಲಿಯೋ ಕ್ಯಾನರ್ 1930ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮಕ್ಕಳ ಮನಸ್ಸಿನ ಕ್ಲಿನಿಕ್ಕನ್ನು ಆರಂಭಿಸಿದಾಗ ಅದನ್ನು ಇಟ್ಟದ್ದು ಮಾನಸಿಕ ಆಸ್ಪತ್ರೆಯಲ್ಲಲ್ಲ, ಮಕ್ಕಳ ಆಸ್ಪತ್ರೆಯ ಒಳಗೇ. 1943ರಲ್ಲಿ ಆಟಿಸಂ ಅನ್ನು ಮೊದಲು ವಿವರವಾಗಿ ಬರೆದವರು ಅವರೇ. ಹನ್ನೊಂದು ಮಕ್ಕಳನ್ನು ಹತ್ತಿರದಿಂದ ನೋಡಿ ಬರೆದದ್ದು.

ನನಗೆ ಇನ್ನೂ ಇಷ್ಟವಾಗುವವರು ಡೊನಾಲ್ಡ್ ವಿನಿಕಾಟ್. ಲಂಡನ್ನಿನ ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ 1923ರಿಂದ ಸುಮಾರು 40 ವರ್ಷ ಕೆಲಸ ಮಾಡಿದವರು. ಮೊದಲು ಮಕ್ಕಳ ವೈದ್ಯ, ಆಮೇಲೆ ಮನೋವಿಶ್ಲೇಷಕ. ತಾಯಿಯ ತೊಡೆಯ ಮೇಲೆ ಕೂತ ಕೂಸಿನ ಕೈಗೆಟುಕುವಂತೆ ಮೇಜಿನ ಅಂಚಿನಲ್ಲಿ ಹೊಳೆಯುವ ಸ್ಪ್ಯಾಚುಲಾ ಇಡುತ್ತಿದ್ದರು, ಗಂಟಲು ನೋಡುವಾಗ ನಾಲಿಗೆ ಒತ್ತುವ ಲೋಹದ ಪಟ್ಟಿ ಅದು. ಇಟ್ಟು ಸುಮ್ಮನೆ ಕೂರುತ್ತಿದ್ದರು.

ಕೂಸು ಮೊದಲು ಕೈ ಚಾಚುತ್ತದೆ, ತಡೆಯುತ್ತದೆ. ಅಮ್ಮನ ಮುಖ ನೋಡುತ್ತದೆ, ಡಾಕ್ಟರ ಮುಖ ನೋಡುತ್ತದೆ. ಬಾಯಲ್ಲಿ ಜೊಲ್ಲು. ಆಮೇಲೆ ಧೈರ್ಯ ಮಾಡಿ ಹಿಡಿದು ಬಾಯಿಗಿಡುತ್ತದೆ, ಮೇಜಿಗೆ ಬಡಿಯುತ್ತದೆ. ಕೊನೆಗೆ ಕೆಳಕ್ಕೆ ಬೀಳಿಸಿ ಖುಷಿಪಡುತ್ತದೆ. ಈ ಮೂರು ಹಂತದಲ್ಲಿ ಕೂಸು ಎಲ್ಲಿ ಸಿಕ್ಕಿಕೊಂಡಿತು ಎಂಬುದರಿಂದಲೇ ವಿನಿಕಾಟ್ ಅದರ ಆತಂಕವನ್ನು ಅಳೆಯುತ್ತಿದ್ದರು. 1941ರಲ್ಲಿ ಇದನ್ನು ಬರೆದಿಟ್ಟರು. ಖರ್ಚು ಏನೂ ಇಲ್ಲ. ಬೇಕಾದದ್ದು ಕೆಲವು ನಿಮಿಷ ಬಾಯಿಮುಚ್ಚಿ ನೋಡುವ ಅಭ್ಯಾಸ. ನಮ್ಮಲ್ಲಿ ಮಗು ಆ ಪಟ್ಟಿಗೆ ಕೈ ಹಾಕಿದರೆ “ಏಯ್, ಮುಟ್ಟಬೇಡ” ಎಂಬ ಗದರಿಕೆ ಮೂರು ದಿಕ್ಕಿನಿಂದ ಬರುತ್ತದೆ.

ಇಂಜೆಕ್ಷನ್ ಕಾರ್ಡಿನಲ್ಲೇ ಇದೆ ದಾರಿ

ಮಕ್ಕಳ ಡಾಕ್ಟರಿಗೆ ಇರುವ ಒಂದು ಅನುಕೂಲ ಯಾವ ಮನೋವೈದ್ಯರಿಗೂ ಇಲ್ಲ. ಆರೋಗ್ಯವಾಗಿರುವ ಮಗುವೂ ಅವರ ಹತ್ತಿರ ಬರುತ್ತದೆ, ಅದೂ ತಾರೀಖು ಹಾಕಿಸಿಕೊಂಡು.

ಆರು, ಹತ್ತು, ಹದಿನಾಲ್ಕು ವಾರದ ಚುಚ್ಚುಮದ್ದು ನೋಡಿ. ಕೂಸಿಗೆ ಸೂಜಿ, ಸರಿ. ಪಕ್ಕದಲ್ಲಿ ಕೂತ ಬಾಣಂತಿಯ ಮುಖ ಯಾರಾದರೂ ನೋಡಿದರೇ? ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೆರಿಗೆಯ ನಂತರದ ಖಿನ್ನತೆ ಶೇಕಡಾ 22 ತಾಯಂದಿರಲ್ಲಿ ಇದೆ ಎಂದು ಅಂದಾಜು ಮಾಡಿತು. ಬಾಣಂತನದ ಆ ಮೂರು ತಿಂಗಳು ಆಕೆ ಮನೆಯಿಂದ ಹೊರಗೆ ಬರುವುದೇ ಈ ಇಂಜೆಕ್ಷನ್ನಿಗೆ. “ನಿದ್ದೆ ಬರುತ್ತಾ ಅಮ್ಮಾ? ಅಳು ಬರುತ್ತಾ?” ಎಂದು ಕೇಳುವ ಅವಕಾಶ ಮೂರು ಸಲ ತಾನಾಗಿ ಒದಗುತ್ತದೆ. ತಾಯಿಯ ಖಿನ್ನತೆ ಕೂಸಿನ ಬೆಳವಣಿಗೆಗೆ ತಾಗುತ್ತದೆ. ಆದ್ದರಿಂದ ಅದು ಮಕ್ಕಳ ಡಾಕ್ಟರ ಕೆಲಸವೇ. ನಿಮ್ಹಾನ್ಸ್ 2009ರಲ್ಲೇ ತಾಯಿ–ಮಗು ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ಘಟಕ ತೆರೆದಿದೆ. ಅಲ್ಲಿಗೆ ಕಳಿಸುವವರು ಬೇಕಲ್ಲ!

ಇನ್ನು 16ರಿಂದ 24 ತಿಂಗಳ ಬೂಸ್ಟರ್. ಆಟಿಸಂನ ಮೊದಲ ಸುಳಿವು ಹಿಡಿಯಲು ಜಗತ್ತಿನಾದ್ಯಂತ ಬಳಸುವ ಪ್ರಶ್ನಾವಳಿಯನ್ನು ರೂಪಿಸಿರುವುದು 16ರಿಂದ 30 ತಿಂಗಳ ಮಕ್ಕಳಿಗೆ. ಹೆಸರು ಕರೆದರೆ ತಿರುಗುತ್ತದೆಯೇ? ಬೇಕಾದದ್ದನ್ನು ಬೆರಳಿಟ್ಟು ತೋರಿಸುತ್ತದೆಯೇ? ತನಗೆ ಕಂಡ ವಿಮಾನವನ್ನೋ ನಾಯಿಯನ್ನೋ ನಿಮಗೂ ತೋರಿಸಿ ನಿಮ್ಮ ಮುಖ ನೋಡುತ್ತದೆಯೇ? ಹೀಗೆ ಇಪ್ಪತ್ತು ಪ್ರಶ್ನೆ, ತಾಯಿಯೇ ಗುರುತು ಹಾಕಿ ಕೊಡಬಹುದಾದಷ್ಟು ಸರಳ. ಸೂಜಿಗೆ ಕಾಯುವ ಹೊತ್ತಿನಲ್ಲಿ ಮುಗಿಯುತ್ತದೆ.

ಈಗ ಆಗುತ್ತಿರುವುದೇನು? “ಮಾತು ಬಂದಿಲ್ಲ ಡಾಕ್ಟ್ರೇ” ಎಂದರೆ “ಬರುತ್ತೆ ಬಿಡಿ, ಗಂಡುಮಕ್ಕಳು ಸ್ವಲ್ಪ ತಡ” ಎಂಬ ಸಮಾಧಾನ. ಮನೆಗೆ ಹೋದರೆ ಅಜ್ಜಿಯ ಅನುಮೋದನೆ: “ಇವರಪ್ಪನೂ ಮೂರು ವರ್ಷದ ಮೇಲೇ ಮಾತಾಡಿದ್ದು.” ಒಂದೂವರೆ ವರ್ಷಕ್ಕೆ ಹಿಡಿಯಬಹುದಾಗಿದ್ದನ್ನು ನಾಲ್ಕೂವರೆಗೆ, ಎಲ್‌ಕೆಜಿ ಮೇಡಂ ಹಿಡಿಯುತ್ತಾರೆ. ಕಳೆದುಹೋದ ಆ ಮೂರು ವರ್ಷಗಳು ಮಿದುಳು ಅತಿ ಬೇಗ ಕಲಿಯುವ ವರ್ಷಗಳು.

---

ಬಾಕ್ಸ್: ಸೂಜಿಯ ಜತೆ ಒಂದು ಪ್ರಶ್ನೆ

*6, 10, 14 ವಾರ:* ತಾಯಿಯ ನಿದ್ದೆ, ಅಳು, ಊಟ; ಮನೆಯಲ್ಲಿ ಆಸರೆ ಯಾರು?

*9 ತಿಂಗಳು:* ಅಪರಿಚಿತರನ್ನು ಕಂಡು ಅಳುತ್ತದೆಯೇ, ಅಮ್ಮನ ಕೈಗೆ ಬಂದರೆ ಸಮಾಧಾನವಾಗುತ್ತದೆಯೇ?

*16–24 ತಿಂಗಳು:* ಬೆರಳಿಟ್ಟು ತೋರಿಸುವುದು, ಕಣ್ಣು ಸೇರಿಸುವುದು, ಮಾತು; ದಿನಕ್ಕೆ ಎಷ್ಟು ಹೊತ್ತು ಮೊಬೈಲ್?

*5–6 ವರ್ಷ:* ಶಾಲೆಯಲ್ಲಿ ಗೆಳೆಯರಿದ್ದಾರೆಯೇ, ಕೂತು ಕೇಳುತ್ತದೆಯೇ?

*10 ಮತ್ತು 16 ವರ್ಷ (ಟಿಡಿ ಚುಚ್ಚುಮದ್ದು):* ಒಬ್ಬರನ್ನೇ ಕೂರಿಸಿ ಐದು ನಿಮಿಷದ ಮಾತು.

---

“ಅಮ್ಮಾ, ಐದು ನಿಮಿಷ ಹೊರಗಿರಿ”

ಇಡೀ ತರಬೇತಿಯಲ್ಲಿ ಅತಿ ಕಷ್ಟದ ಪಾಠ ಇದು. ಔಷಧದ ಲೆಕ್ಕ ಅಷ್ಟು ಕಷ್ಟವಲ್ಲ.

ಹದಿನೈದರ ಹುಡುಗಿ. ಅಸೆಂಬ್ಲಿಯಲ್ಲಿ ತಲೆಸುತ್ತಿ ಬೀಳುತ್ತಾಳೆ. ಹಿಮೋಗ್ಲೋಬಿನ್ ಪರವಾಗಿಲ್ಲ, ಇಇಜಿ ಸರಿಯಿದೆ, ‘ಪಿಟ್ಸ್’ ಎಂದು ಊರೆಲ್ಲ ಸುದ್ದಿ. ಅಮ್ಮ ಪಕ್ಕದಲ್ಲಿ ಕೂತು ಎಲ್ಲ ಪ್ರಶ್ನೆಗೂ ಮಗಳ ಪರವಾಗಿ ಉತ್ತರ ಕೊಡುತ್ತಿದ್ದಾರೆ. ಅಮ್ಮನನ್ನು ಹೊರಗೆ ಕಳಿಸದೆ ಇಲ್ಲಿ ಏನೂ ತಿಳಿಯುವುದಿಲ್ಲ. ಕಳಿಸಿದರೆ ಅಮ್ಮನಿಗೆ ಅನುಮಾನ: “ಅಂಥದ್ದೇನು ಕೇಳ್ತಾರೆ ಇವರು?”

ಅನುಭವಸ್ಥರು ಇದನ್ನು ಒಂದು ನಿಯಮದಂತೆ ಹೇಳಿ ಗೆಲ್ಲುತ್ತಾರೆ. “ಹತ್ತು ದಾಟಿದ ಎಲ್ಲ ಮಕ್ಕಳ ಹತ್ರಾನೂ ನಾನು ಸ್ವಲ್ಪ ಹೊತ್ತು ಒಬ್ಬರನ್ನೇ ಮಾತಾಡಿಸ್ತೀನಮ್ಮ. ಸಿಸ್ಟರ್ ಇಲ್ಲೇ ಇರ್ತಾರೆ.” ಎಲ್ಲರಿಗೂ ಅನ್ವಯಿಸುವ ನಿಯಮ ಎಂದಾಗ ಅನುಮಾನ ಅರ್ಧ ಕರಗುತ್ತದೆ.

ಆಮೇಲೆ ಪ್ರಶ್ನೆಗಳಿಗೂ ಒಂದು ಕ್ರಮವಿದೆ. ‘ಹೆಡ್ಸ್’ ಎಂದು ಕರೆಯುವ ಈ ಮಾತುಕತೆಯ ಮಾದರಿ 1970ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಮೊದಲು ಮನೆ, ಆಮೇಲೆ ಶಾಲೆ, ಆಟ–ಗೆಳೆತನ. ಅಲ್ಲಿಂದ ಮೆಲ್ಲಗೆ ಮದ್ಯ–ಮಾದಕ, ಲೈಂಗಿಕತೆ, ಸಾಯುವ ಯೋಚನೆ. ಸುಲಭದಿಂದ ಕಷ್ಟಕ್ಕೆ. ಸಾಯುವ ಮಾತು ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ವೈದ್ಯರಲ್ಲೂ ಇದೆ. ಅಧ್ಯಯನಗಳು ಅದನ್ನು ಒಪ್ಪುವುದಿಲ್ಲ. ಯಾರಾದರೂ ಕೇಳಿದರಲ್ಲ ಎಂದು ಹಗುರಾಗುವ ಮಕ್ಕಳೇ ಹೆಚ್ಚು.

ಹುಡುಗಿ ಹೇಳಿದ್ದನ್ನು ಗುಟ್ಟಾಗಿ ಇಡುವುದೆಷ್ಟು, ಹೇಳುವುದೆಷ್ಟು? ಜೀವಕ್ಕೆ ಅಪಾಯವಿದ್ದರೆ ಮನೆಯವರಿಗೆ ಹೇಳಲೇಬೇಕು. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಗಡಿಗಳನ್ನು ಮಾತು ಶುರುವಾಗುವ ಮುಂಚೆಯೇ ಮಗುವಿಗೆ ಹೇಳಬೇಕು. ಇದ್ಯಾವುದೂ ಪುಸ್ತಕ ಓದಿ ಬರುವಂಥದ್ದಲ್ಲ. ಹಿರಿಯರೊಬ್ಬರು ಪಕ್ಕದಲ್ಲಿ ಕೂತು, ನೀವು ತೊದಲುವುದನ್ನು ಕೇಳಿ, ಆಮೇಲೆ ತಿದ್ದಬೇಕು. ಈಜು ಕಲಿಸುವವನು ದಡದ ಮೇಲೆ ನಿಂತು ಭಾಷಣ ಮಾಡಿದರೆ ಯಾರಿಗೆ ಈಜು ಬಂದೀತು?

ಬಳ್ಳಾರಿ ಮಾಡಿ ತೋರಿಸಿತ್ತು

ಸಾಧಾರಣ ವೈದ್ಯರಿಗೆ ಮನಸ್ಸಿನ ಪಾಠ ಹೇಳಿಕೊಡುವುದು ಆಗದ ಮಾತು ಎನ್ನುವವರಿಗೆ ಬಳ್ಳಾರಿಯನ್ನು ತೋರಿಸಬೇಕು. 1985ರಿಂದ 1990ರವರೆಗೆ ನಿಮ್ಹಾನ್ಸ್ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ಕಿರು ತರಬೇತಿ ಕೊಟ್ಟು, ಔಷಧ ಒದಗಿಸಿ, ಮೇಲೆ ನಿಂತು ನೋಡಿಕೊಂಡಿತು. ಮೂರ್ಛೆ, ತೀವ್ರ ಮನೋರೋಗ, ಖಿನ್ನತೆಗಳಿಗೆ ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯವಾಯಿತು. ಅದೇ ‘ಬಳ್ಳಾರಿ ಮಾದರಿ’ 1996ರಲ್ಲಿ ಶುರುವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಆದರೆ ಅದರ ಕಣ್ಣು ಹೆಚ್ಚಾಗಿ ದೊಡ್ಡವರ ಮೇಲಿತ್ತು.

ಕರ್ನಾಟಕದಲ್ಲಿ 2014ರಿಂದ ‘ಮನೋಚೈತನ್ಯ’ ನಡೆಯುತ್ತಿದೆ. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ಕೂರುತ್ತಾರೆ. ‘ಸೂಪರ್ ಟ್ಯೂಸ್‌ಡೇ’ ಎಂಬ ಅಡ್ಡಹೆಸರೂ ಇದೆ. ಇನ್ನೊಂದು ಕಡೆ, ಎಂಡಿ ಓದುವ ಪ್ರತಿಯೊಬ್ಬರೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕೆಂಬ ರೆಸಿಡೆನ್ಸಿ ನಿಯಮ ಈಗಾಗಲೇ ಜಾರಿಯಲ್ಲಿದೆ. ಮೂರು ತಿಂಗಳಲ್ಲಿ ಹನ್ನೆರಡು–ಹದಿಮೂರು ಮಂಗಳವಾರ ಬರುತ್ತವೆ. ಮಕ್ಕಳ ವೈದ್ಯಕೀಯ ಓದುವವರನ್ನು ಆ ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿ ಮನೋವೈದ್ಯರ ಪಕ್ಕದ ಕುರ್ಚಿಯಲ್ಲಿ ಕೂರಿಸಿದರೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಒಂದು ಸುತ್ತೋಲೆ ಸಾಕು. ಸುತ್ತೋಲೆಗಳಿಗೆ ನಮ್ಮಲ್ಲಿ ಬರವಂತೂ ಇಲ್ಲ.

ಅಮೆರಿಕದಲ್ಲಿ ಮಕ್ಕಳ ವೈದ್ಯರ ತರಬೇತಿಯಲ್ಲಿ ಬೆಳವಣಿಗೆ ಮತ್ತು ವರ್ತನೆಗೆಂದೇ ಒಂದು ತಿಂಗಳು 1997ರಿಂದ ಕಡ್ಡಾಯ. ಅಷ್ಟಾದರೂ ಅಲ್ಲಿನ ವೈದ್ಯರು ‘ನಮಗೆ ಸಾಲದು’ ಎನ್ನುತ್ತಲೇ ಬಂದರು. ಕೋವಿಡ್ ಹೊತ್ತಿನಲ್ಲಿ, 2021ರ ಅಕ್ಟೋಬರ್‌ನಲ್ಲಿ, ಮಕ್ಕಳ ವೈದ್ಯರ ಮತ್ತು ಮಕ್ಕಳ ಮನೋವೈದ್ಯರ ಸಂಘಗಳು ಸೇರಿ ಮಕ್ಕಳ ಮಾನಸಿಕ ಆರೋಗ್ಯದ ಸ್ಥಿತಿಯನ್ನು ‘ರಾಷ್ಟ್ರೀಯ ತುರ್ತು ಪರಿಸ್ಥಿತಿ’ ಎಂದೇ ಘೋಷಿಸಿದವು.

ಅವರಿಂದ ಕಲಿಯಬೇಕಾದ್ದು ಮ್ಯಾಸಚೂಸೆಟ್ಸ್ ರಾಜ್ಯ 2004ರಲ್ಲಿ ಆರಂಭಿಸಿದ ಫೋನ್ ವ್ಯವಸ್ಥೆ. ಮಕ್ಕಳ ಡಾಕ್ಟರು ಗೊಂದಲಕ್ಕೆ ಬಿದ್ದರೆ ಫೋನ್ ಮಾಡುತ್ತಾರೆ. ಅರ್ಧ ಗಂಟೆಯೊಳಗೆ ಮಕ್ಕಳ ಮನೋವೈದ್ಯರು ವಾಪಸು ಮಾತಾಡುವುದು ಗುರಿ. ಇದನ್ನು ನೋಡಿ ಬೇರೆ ರಾಜ್ಯಗಳೂ ಶುರು ಮಾಡಿದವು. ನಮ್ಮಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಅದರ ಮುಖ್ಯ ಕೇಂದ್ರ ನಿಮ್ಹಾನ್ಸೇ. ಅದೇ ಜಾಲದಲ್ಲಿ ಮಕ್ಕಳ ವೈದ್ಯರಿಗೆಂದೇ ಒಂದು ಲೈನು ಕೊಟ್ಟರೆ ತರಬೇತಿಯೂ ಮುಂದುವರಿಯುತ್ತದೆ, ರೋಗಿಯೂ ಊರು ಬಿಡಬೇಕಾಗಿಲ್ಲ.

---

ಬಾಕ್ಸ್: ಕರೆ ಮಾಡಬಹುದು

14416 – ಟೆಲಿ ಮಾನಸ್, ಕನ್ನಡದಲ್ಲೂ ಲಭ್ಯ, ಉಚಿತ. 1098 – ಮಕ್ಕಳ ಸಹಾಯವಾಣಿ. ತೊಂದರೆಯಲ್ಲಿರುವ ಮಗು, ಹೆತ್ತವರು, ಶಿಕ್ಷಕರು ಯಾರು ಬೇಕಾದರೂ ಕರೆ ಮಾಡಬಹುದು.

---

ಆಕ್ಷೇಪಗಳೂ ಇವೆ, ಸುಳ್ಳಲ್ಲ

ಹನ್ನೆರಡು ಮಂಗಳವಾರ ಕಲಿತವರು ಸಿಕ್ಕ ಸಿಕ್ಕ ಮಕ್ಕಳಿಗೆಲ್ಲ ‘ಎಡಿಎಚ್‌ಡಿ’ (ಗಮನದ ಕೊರತೆ, ಅತಿ ಚಟುವಟಿಕೆ) ಹಣೆಪಟ್ಟಿ ಹಚ್ಚಿ ಮಾತ್ರೆ ಬರೆದರೆ? ಈ ಭಯ ನನಗೂ ಇದೆ. ಅದಕ್ಕಾಗಿ ತರಬೇತಿಯ ಎಲ್ಲೆ ಮೊದಲೇ ಗೀಚಬೇಕು: ಗುರುತಿಸುವುದು, ಮೊದಲ ಮಾತುಕತೆ, ಹೆತ್ತವರಿಗೆ ತಿಳಿಹೇಳುವುದು, ಯಾರನ್ನು ಯಾವಾಗ ಮುಂದಕ್ಕೆ ಕಳಿಸಬೇಕೆಂಬ ತಿಳಿವಳಿಕೆ, ಕಳಿಸಿದ ಮೇಲೂ ಕೈಬಿಡದಿರುವುದು. ತರಬೇತಿ ಇಲ್ಲದಿರುವಾಗಲೂ ಮಾತ್ರೆ ಬರೆಯುವುದು ನಿಂತಿಲ್ಲವಲ್ಲ. ಸ್ಕ್ಯಾನಿಂಗ್ ಮಾಡಿಸುವುದೂ ನಿಂತಿಲ್ಲ.

ಎರಡನೆಯದು ಹೊತ್ತು ಮತ್ತು ಹಣ. ಐದು ನಿಮಿಷದ ಜ್ವರಕ್ಕೂ ಮೂವತ್ತು ನಿಮಿಷದ ಮಾತಿಗೂ ಒಂದೇ ಫೀಸು. ಮಾತಿಗೆ ದುಡ್ಡು ಕೊಡುವುದು ನಮ್ಮ ಜನಕ್ಕೆ ಒಗ್ಗದ ವಿಷಯ. ಸೂಜಿ ಚುಚ್ಚದೆ, ಸಿರಪ್ಪು ಬರೆಯದೆ ಕಳಿಸಿದ ಡಾಕ್ಟರು “ಏನೂ ಮಾಡ್ಲಿಲ್ಲ, ಬರೀ ಮಾತಾಡಿದ್ರು” ಎನ್ನಿಸಿಕೊಳ್ಳುತ್ತಾರೆ. ವಾರದಲ್ಲೊಂದು ಮಧ್ಯಾಹ್ನ ಇಂಥ ಮಕ್ಕಳಿಗೆಂದೇ ಮೀಸಲಿಟ್ಟು, ಮಾತಿನ ಫೀಸು ಬೇರೆ ಎಂದು ಬೋರ್ಡಿನಲ್ಲಿ ಬರೆಯುವುದು ಖಾಸಗಿಯವರಿಗೆ ಇರುವ ದಾರಿ. ಸರ್ಕಾರಿ ಆಸ್ಪತ್ರೆಯ ನೂರೈವತ್ತರ ಸಾಲಿಗೆ ಅಷ್ಟು ಸುಲಭದ ಉತ್ತರವಿಲ್ಲ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಹೊರಡಿಸಿ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಲಹೆಗಾರರು ಇರಬೇಕೆಂದಿತು. ಒಳ್ಳೆಯದೇ. ಆದರೆ ಎರಡು ವರ್ಷದ ಮಗುವಿಗೆ ಶಾಲೆಯೇ ಇಲ್ಲ, ಶಾಲೆ ಬಿಟ್ಟ ಹುಡುಗನಿಗೂ ಇಲ್ಲ. ಇಬ್ಬರಿಗೂ ಜ್ವರ ಬರುತ್ತದೆ, ಇಬ್ಬರೂ ಡಾಕ್ಟರ ಹತ್ತಿರ ಹೋಗುತ್ತಾರೆ.

ಹಾಗಾಗಿ ಮತ್ತೆ ಪರೀಕ್ಷೆಯ ಮಾತಿಗೇ ಬರುತ್ತೇನೆ. ಎಂಡಿ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದು ಟೇಬಲ್ಲು ಹೆಚ್ಚಿಗೆ ಹಾಕಲಿ. ಅಲ್ಲಿ ಹದಿನಾಲ್ಕರ ಹುಡುಗನ ಪಾತ್ರದಲ್ಲಿ ಒಬ್ಬರು, ಎಲ್ಲದಕ್ಕೂ ತಾನೇ ಉತ್ತರಿಸುವ ತಾಯಿಯ ಪಾತ್ರದಲ್ಲಿ ಇನ್ನೊಬ್ಬರು ಕೂರಲಿ. ತಾಯಿಯನ್ನು ನೋಯಿಸದೆ ಹೊರಗೆ ಕಳಿಸಿ, ಹುಡುಗನ ಬಾಯಿ ಬಿಡಿಸಲು ಹತ್ತು ನಿಮಿಷ ಕೊಡಲಿ. ಇಲ್ಲಿ ಪಾಸಾಗದೆ ಪದವಿ ಇಲ್ಲ ಎನ್ನಲಿ. ಮುಂದಿನ ವರ್ಷದಿಂದ ಹಾಸ್ಟೆಲಿನಲ್ಲಿ ರೂಮ್‌ಮೇಟುಗಳು ಅಮ್ಮ–ಮಗನಾಗಿ ರಿಹರ್ಸಲ್ ಮಾಡದಿದ್ದರೆ ಕೇಳಿ! ಮೊದಲ ಒಂದೆರಡು ಬ್ಯಾಚಿಗೆ ಪರೀಕ್ಷಕರನ್ನು ಮಾತ್ರ ನಿಮ್ಹಾನ್ಸ್‌ನಿಂದಲೇ ಕರೆಸಬೇಕಾದೀತು. ಉಳಿದ ಪರೀಕ್ಷಕರು ಈ ಪೇಪರ್ ಬರೆದವರಲ್ಲ.